ಖಾಲಿ ಬಿಟ್ಟ ಕಾಲಂ

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಈಚೆಗೆ ಸಂತೆಯಲ್ಲಿ ಸಿಕ್ಕಿದ್ದರು. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಆದರೂ ಆಕೆಯ ಮುಖದಲ್ಲಿ ಗೆಲುವಿರಲಿಲ್ಲ. "ಹೊಸದೇನೂ ಮಾಡೋದಿಲ್ವಂತೆ ಸಾರ್. ಯಾರೋ ಯಾವಾಗಲೋ ಬರೆದಿಟ್ಟಿದ್ದರಲ್ಲಿ ತಪ್ಪು ಹುಡುಕಿ ತಿದ್ದೋದೇ ಕೆಲಸವಂತೆ. ಅದಕ್ಕೆ ಇಷ್ಟೆಲ್ಲ ಓದಿಸಬೇಕಿತ್ತಾ?" ಎಂದರು. ಉತ್ತರಪತ್ರಿಕೆ ತಿದ್ದಿಯೇ ಆಯುಷ್ಯ ಸವೆಸಿದ ಮೇಷ್ಟ್ರನ್ನು ಕೇಳುವ ಪ್ರಶ್ನೆಯೇ ಇದು! ಸಂತೆಯ ಗದ್ದಲದಲ್ಲಿ ವಿವರಿಸಲಾಗಲಿಲ್ಲ, ಇಲ್ಲಿ ಪ್ರಯತ್ನಿಸುತ್ತೇನೆ.

'ಕರ್ಲ್' ಎಂಬ ತಂತ್ರಾಂಶವೊಂದಿದೆ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಎಂಬುವರು 1998ರಲ್ಲಿ ಈ ಹೆಸರಿನಿಂದ ಹೊರತಂದದ್ದು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾಹಿತಿ ಒಯ್ಯುವುದು, ತರುವುದು ಅದರ ಕೆಲಸ. ಬೇರೆ ತಂತ್ರಾಂಶಗಳ ಹೊಟ್ಟೆಯೊಳಗೆ ಕೂತು ದುಡಿಯುವುದರಿಂದ ಜನಕ್ಕೆ ಹೆಸರು ಗೊತ್ತಿಲ್ಲ. ಫೋನಿನಲ್ಲಿ, ಟಿವಿಯಲ್ಲಿ, ಕಾರಿನಲ್ಲಿ ಕೂಡ ಇದೆ.

ಇದನ್ನೊಬ್ಬ ಜವಾನನೆಂದು ಭಾವಿಸಿ. ಯಾವ ಕಚೇರಿಯಲ್ಲಿ ಯಾವ ಹೆಸರು, ಯಾವ ಗುಪ್ತಪದ ಹೇಳಬೇಕೆಂಬ ಪಟ್ಟಿ ಅವನ ಜೇಬಿನಲ್ಲಿದೆ. 'ನೆಟ್‌ಆರ್‌ಸಿ' ಕಡತ ಎನ್ನುವುದು ಈ ಪಟ್ಟಿಗೇ. ಮೊದಲ ಕಚೇರಿಗೆ ಹೋಗಿ ಗುಪ್ತಪದ ಹೇಳಿದ. "ಆ ಕಾಗದ ಇಲ್ಲಿಲ್ಲಪ್ಪ, ಪಕ್ಕದ ಕಚೇರಿಗೆ ಹೋಗು" ಎಂದರು. (ನಮ್ಮಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ.) ಇಂಟರ್‌ನೆಟ್ಟಿನಲ್ಲಿ ಇದೇ ರೀಡೈರೆಕ್ಟ್. ಎರಡನೆಯ ಕಚೇರಿಯ ಹೆಸರೂ ಪಟ್ಟಿಯಲ್ಲಿದೆ, ಆದರೆ ಗುಪ್ತಪದದ ಕಾಲಂ ಖಾಲಿ. ಆಗ ಬಾಯಿ ಮುಚ್ಚಿಕೊಂಡಿರಬೇಕಾದ ಜವಾನ, ಮೊದಲ ಕಚೇರಿಯ ಗುಪ್ತಪದವನ್ನೇ ಇಲ್ಲಿ ಒಪ್ಪಿಸಿಬಿಡುತ್ತಿದ್ದ!

ಲೋಲಕದ ಪ್ರಯೋಗದಲ್ಲಿ ಒಂದು ಅಳತೆ ಕೈತಪ್ಪಿದರೆ ನಮ್ಮ ಹುಡುಗರೂ ಮೇಲಿನ ಸಾಲಿನ ಸಂಖ್ಯೆಯನ್ನೇ ಕೆಳಗಿಳಿಸುತ್ತಾರೆ. ಖಾಲಿ ಎಂದರೆ 'ಗೊತ್ತಿಲ್ಲ' ಎಂದೇ ಹೊರತು 'ಮೇಲಿನಂತೆ' ಎಂದಲ್ಲವೋ, ಎಂದು ಪ್ರತಿವರ್ಷ ಹೇಳುತ್ತೇನೆ. ಪ್ರತಿವರ್ಷವೂ ಇಳಿಸುತ್ತಾರೆ.

ಈ ದೋಷ ಕರ್ಲ್‌ನೊಳಗೆ ಸೇರಿಕೊಂಡದ್ದು 2000ನೇ ಇಸವಿಯ 6.5ನೇ ಆವೃತ್ತಿಯಲ್ಲಿ, ತಿದ್ದಿದ್ದು 2024ರ ಡಿಸೆಂಬರಿನಲ್ಲಿ, 8.11.1ರಲ್ಲಿ. ಹತ್ತಿರ ಹತ್ತಿರ 25 ವರ್ಷ! ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ಓದುತ್ತಲೂ ಇದ್ದರು. ಆದರೆ ಪಟ್ಟಿ ಇರಬೇಕು, ಪಕ್ಕದ ಕಚೇರಿಗೆ ಕಳಿಸಬೇಕು, ಅಲ್ಲಿನ ಕಾಲಂ ಖಾಲಿಯಿರಬೇಕು. ಮೂರೂ ಕೂಡಿಬಂದಾಗ ಮಾತ್ರ ಗುಟ್ಟು ರಟ್ಟಾಗುತ್ತಿತ್ತು. ಹಾಗಾಗಿಯೇ ಅದರ ತೀವ್ರತೆಯನ್ನು 'ಕಡಿಮೆ' ಎಂದು ವರ್ಗೀಕರಿಸಿದರು. ಗುಪ್ತಪದ ಕಳೆದುಕೊಂಡವನಿಗೆ ಈ ವರ್ಗೀಕರಣದಿಂದ ಏನು ಸಮಾಧಾನವೋ ನಾನರಿಯೆ.

ತಿದ್ದುವವನ ಪಾಡು ನೋಡಿ, ತಾಯೀ. ಮೊದಲು ಆ ತಪ್ಪು ತನ್ನ ಕಣ್ಣೆದುರೇ ಮತ್ತೆ ನಡೆಯುವಂತೆ ಮಾಡಬೇಕು. ಇನ್ನೊಬ್ಬರ ಹಳೆಯ ಸಾಲುಗಳ ಉದ್ದೇಶವೇನಿತ್ತೆಂದು ಊಹಿಸಬೇಕು. ಸರಿಯಾಗಿ ನಡೆಯುತ್ತಿದ್ದ ಬೇರೆ ನೂರು ಕೆಲಸಗಳಿಗೆ ಧಕ್ಕೆ ತಗಲಬಾರದು. ಅದೇ ತಪ್ಪು ನಾಳೆ ಮರುಕಳಿಸಿದರೆ ಗಂಟೆ ಬಾರಿಸುವಂಥ ಪರೀಕ್ಷೆಗಳನ್ನೂ ಬರೆದಿಡಬೇಕು. ನನ್ನನ್ನು ಕೇಳಿದರೆ, ಹೊಸದಾಗಿ ಬರೆಯುವುದೇ ಸುಲಭ.

ಅಷ್ಟು ಮಾಡಿದರೂ ಮುಗಿಯಲಿಲ್ಲ. ಆ ಪಟ್ಟಿಯಲ್ಲಿ 'ಉಳಿದ ಎಲ್ಲ ಕಚೇರಿಗಳಿಗೂ' ಎಂಬ ಸಾಲೊಂದನ್ನು ಬರೆಯಲು ಅವಕಾಶವಿದೆ. ಆ ಸಾಲಿನ ಎರಡೂ ಕಾಲಂ ಖಾಲಿ ಬಿಟ್ಟಾಗ ಜವಾನ ಮತ್ತೆ ಅದೇ ಚಾಳಿ ತೋರಿಸುತ್ತಾನೆಂದು ಪತ್ತೆಯಾಯಿತು. ಅದನ್ನು 8.12.0 ಆವೃತ್ತಿಯಲ್ಲಿ ತಿದ್ದಿದರು. ಅದು ಹೊರಬಂದದ್ದು 2025ರ ಫೆಬ್ರವರಿಯಲ್ಲಿ, ಹಿಂದಿನ ತಿದ್ದುಪಡಿಗೆ ಎರಡು ತಿಂಗಳೂ ತುಂಬಿರಲಿಲ್ಲ.