ಎರಡು ಲೋಟ ನೀರು

ನಮ್ಮ ಅಜ್ಜಿಯ ಕಾಲಕ್ಕೆ ನೀರಿನ ಪರೀಕ್ಷೆ ಒಲೆಯ ಮೇಲೆ ನಡೆಯುತ್ತಿತ್ತು. ತೊಗರಿಬೇಳೆ ಬೆಂದರೆ ಒಳ್ಳೆಯ ನೀರು, ಬೇಯದೆ ಕೂತರೆ ಗಡಸು ನೀರು. ಪಾಸಾದ ಬಾವಿಯ ನೀರನ್ನು ಮಡಿಸಿದ ಪಂಚೆಯಲ್ಲಿ ಸೋಸಿ ತಾಮ್ರದ ಬಿಂದಿಗೆಗೆ ತುಂಬಿದರೆ ಮುಗಿಯಿತು. ಮಳೆಗಾಲದಲ್ಲಿ ಕದಡಿದ ನೀರಿಗೆ ಚಿಲ್ಲದ ಬೀಜ ತೇದು ಬೆರೆಸುವುದು, ಇಲ್ಲವೇ ಪಟಿಕದ ತುಂಡನ್ನು ಎರಡು ಸುತ್ತು ಆಡಿಸುವುದು. ಮಣ್ಣು ತಳಕ್ಕೆ ಕೂರುತ್ತಿತ್ತು. ಕಣ್ಣಿಗೆ ಕಾಣದ್ದೂ ಕೂರುತ್ತಿತ್ತೋ ಇಲ್ಲವೋ, ಕೇಳಿದವರಿಲ್ಲ. ಊರಿಗೆ ವಾಂತಿಭೇದಿ ಬಂದರೆ ಅದರ ಲೆಕ್ಕ ಮಾರಮ್ಮನ ಖಾತೆಗೆ ಹೋಗುತ್ತಿತ್ತು.

ನೀರಿನ ಬಗ್ಗೆ ಹಳೇಬೀಡಿನ ಪಕ್ಕದ ಹುಲಿಕೆರೆಯವರಿಗೆ ಕೊಂಚ ಜಂಬವಿದ್ದರೆ ತಪ್ಪೇನಲ್ಲ. ಹನ್ನೆರಡನೇ ಶತಮಾನದ ಹೊಯ್ಸಳ ಪುಷ್ಕರಣಿ ಇರುವ ಊರು. ಮೆಟ್ಟಿಲಿಳಿಯುತ್ತ ಹೋದರೆ ಸುತ್ತಲೂ ಪುಟ್ಟ ಪುಟ್ಟ ಗುಡಿಗಳು. ಹಳೇಬೀಡಿಗೆ ಬರುವವರಲ್ಲಿ ಬಹಳ ಮಂದಿ ಇತ್ತ ತಿರುಗಿಯೂ ನೋಡುವುದಿಲ್ಲ. ನೋಡದಿದ್ದರೆ ನಷ್ಟ ಅವರದೇ. ಹೊಯ್ಸಳರ ರಾಜಧಾನಿ ದೋರಸಮುದ್ರ ಬೆಳೆದದ್ದೂ ದೊಡ್ಡ ಕೆರೆಯ ದಂಡೆಯಲ್ಲೇ. ಆ ಕಾಲದವರು ಹಿಡಿದಿಟ್ಟದ್ದು ಮಳೆಯ ನೀರು. ನಾವು ನೂರಾರು ಅಡಿ ಕೊರೆದು, ಕಲ್ಲಿನ ಸಂದಿಯಲ್ಲಿ ಎಷ್ಟೋ ಕಾಲದಿಂದ ನಿಂತದ್ದನ್ನು ಮೇಲಕ್ಕೆತ್ತುತ್ತೇವೆ. ಕೆರೆ ನೀರಿನ ಭಯ ಕ್ರಿಮಿಯದು, ಬೋರ್‌ವೆಲ್ ನೀರಿನ ಭಯ ಕಲ್ಲಿನದು. ಅರಸೀಕೆರೆ ಕಡೆಯ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್ ಇರುವುದು ಗೊತ್ತಿರುವ ಸಂಗತಿಯೇ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಿದಾಗಲೇ ಗೊತ್ತಾಗುವುದು. ಹೆಚ್ಚಾದರೆ ಮೂಳೆಗೂ ಇಳಿಯುತ್ತದೆ. ಅಜ್ಜಿಯ ಬೇಳೆಗೆ ಇದು ಸಿಕ್ಕುವ ಪೈಕಿಯಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಮನೆಗೆ ಫಿಲ್ಟರ್ ಮಾರುವ ಹುಡುಗ ಬಂದ. ಎರಡು ಲೋಟ ಕೇಳಿದ. ಒಂದಕ್ಕೆ ನಮ್ಮ ನಲ್ಲಿ ನೀರು, ಇನ್ನೊಂದಕ್ಕೆ ಬಾಟಲಿಯಲ್ಲಿ ತಂದಿದ್ದ ಅವನ ಯಂತ್ರದ ನೀರು. ಸರಳುಗಳಿದ್ದ ಕರೆಂಟಿನ ಡಬ್ಬಿಯೊಂದನ್ನು ಎರಡಕ್ಕೂ ಅದ್ದಿ ಸ್ವಿಚ್ ಒತ್ತಿದ. ನೋಡುನೋಡುತ್ತಲೇ ನಮ್ಮ ಲೋಟದಲ್ಲಿ ಹಸಿರು-ಕಂದು ಗಸಿ ಎದ್ದು ಚರಂಡಿಯಂತಾಯಿತು. ಅವನದು ತಿಳಿಯಾಗಿಯೇ ಇತ್ತು. “ಅಯ್ಯೋ ಶಿವನೇ, ಇದ್ನಾ ಇಷ್ಟು ವರ್ಷ ಕುಡಿದಿದ್ದು!” ಎಂದು ನಮ್ಮತ್ತೆ ಸೆರಗನ್ನು ಬಾಯಿಗೆ ಹಿಡಿದರು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಮಾವನವರು ಪೇಪರಿನಿಂದ ತಲೆ ಎತ್ತದೆಯೇ ಹೇಳಿದರು: “ಆ ಗಸಿ ನೀರಿಂದಲ್ಲಪ್ಪ, ನಿನ್ನ ಸರಳಿನ ಕಬ್ಬಿಣದ್ದು. ಲವಣ ಇರೋ ನೀರಲ್ಲಿ ಕರೆಂಟು ಹರಿಯುತ್ತೆ, ಕಬ್ಬಿಣ ಕರಗುತ್ತೆ. ನಿನ್ನ ನೀರಲ್ಲಿ ಲವಣವೇ ಇಲ್ಲ.” ಹುಡುಗ ಕಾಫಿ ಮುಗಿಸಿ ಎದ್ದ.

ಹಾಗಂತ ಅವನ ಆರ್‌ಒ ಯಂತ್ರ ಕೆಲಸಕ್ಕೆ ಬಾರದ್ದು ಎಂದೇನಲ್ಲ. ಆರ್‌ಒ ಬೆಳೆದು ಬಂದ ಬಗೆಯೇ ಸೊಗಸಾಗಿದೆ. 1959ರ ಸುಮಾರಿಗೆ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ನಮ್ಮ ದೇಶದವರೇ ಆದ ಶ್ರೀನಿವಾಸ ಸೌರಿರಾಜನ್ ಸಮುದ್ರದ ನೀರನ್ನು ಸಿಹಿ ಮಾಡಬಲ್ಲ ಪೊರೆಯೊಂದನ್ನು ತಯಾರಿಸಿದರು. ಒತ್ತಡಕ್ಕೆ ನೀರು ದಾಟುತ್ತದೆ, ಉಪ್ಪು ಹಿಂದುಳಿಯುತ್ತದೆ. ಫ್ಲೋರೈಡೂ ಅದರ ಜೊತೆಗೇ. ಕುದಿಸುವುದರಿಂದ ಇದು ಆಗದು. ನೀರು ಒಂದು ನಿಮಿಷ ಕೊತಕೊತ ಕುದಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಸಾಯುವ ಪ್ರಾಣಿಯಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ದಟ್ಟವಾಗುತ್ತದೆ. ಕ್ರಿಮಿ ಕೊಲ್ಲುವ ಯುವಿ ದೀಪದ ಕೈಯಲ್ಲೂ ಅದು ಹೋಗುವುದಿಲ್ಲ.

ಮೊದಲು ನೀರಿನಲ್ಲಿ ಏನಿದೆ ಅಂತ ತಿಳಿಯಬೇಕು, ಆಮೇಲೆ ಯಂತ್ರ ಎಂದರು ಮಾವ. 2019ರಲ್ಲಿ ಜಲ ಜೀವನ್ ಮಿಷನ್ ಶುರುವಾದ ಮೇಲೆ ಹಳ್ಳಿಯ ಹೆಣ್ಣುಮಕ್ಕಳಿಗೇ ನೀರು ಪರೀಕ್ಷಿಸುವ ಕಿಟ್ ಕೊಟ್ಟು ಕಲಿಸುತ್ತಿದ್ದಾರೆ. ಹಾಗೆ ಕಲಿತ ಹುಡುಗಿಯೊಬ್ಬಳು ನಮ್ಮ ಜಗಲಿಯಲ್ಲೇ ಕೂತು, ಪುಟ್ಟ ಗಾಜಿನ ನಳಿಕೆಗೆ ನೀರು ಹಾಕಿ, ದ್ರಾವಣದ ಹನಿ ಬಿಟ್ಟಳು. ಗುಲಾಬಿ ಬಣ್ಣ ಹಳದಿಯ ಕಡೆಗೆ ವಾಲಿತು. ಕಾರ್ಡಿಗೆ ಹಿಡಿದು ನೋಡಿ, “ಅಕ್ಕಾ, ಒಂದೂವರೆ ದಾಟೈತೆ” ಎಂದಳು. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಕುಡಿಯಬಹುದು ಎನ್ನುವುದು ನಮ್ಮ ದೇಶದ ಮಾನಕ. ಆರ್‌ಒ ತಂದೆವು. ಕುಡಿಯುವುದಕ್ಕೂ ಅಡುಗೆಗೂ ಮಾತ್ರ. ಅದು ಕೊಟ್ಟದ್ದಕ್ಕಿಂತ ಚೆಲ್ಲುವುದೇ ಜಾಸ್ತಿ, ನೀರಿಗೆ ಪರದಾಡುವ ಸೀಮೆಯಲ್ಲಿ ಹೊಟ್ಟೆ ಉರಿಯುತ್ತದೆ. ಚೆಲ್ಲಿದ್ದು ಬಕೆಟ್ಟಿಗೆ ಇಳಿದು ನೆಲ ಒರೆಸುವುದಕ್ಕೆ, ಬಚ್ಚಲು ತೊಳೆಯುವುದಕ್ಕೆ ಹೋಗುತ್ತದೆ.

ಬೇಲೂರಿನ ಅತ್ತಿಗೆಗೆ ಈ ರಗಳೆ ಬೇಕಿಲ್ಲ. ಅವರ ನಲ್ಲಿಗೆ ಬರುವುದು ಯಗಚಿಯ ನೀರು. ಕುದಿಸಿ ಆರಿಸಿದರೆ ಸಾಕು. ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆ ಲವಣವಿರುವ ನೀರಿಗೆ ಆರ್‌ಒ ಹಾಕಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಮಾರುವವರು ಕೇಳಬೇಕಲ್ಲ. ಮೊನ್ನೆ ಅತ್ತಿಗೆ ಫೋನ್ ಮಾಡಿ, “ಡಬ್ಬಿ ಹಿಡ್ಕೊಂಡು ಒಬ್ಬ ಬಂದವನೆ ಕಣೆ, ಲೋಟದಲ್ಲಿ ಎಂಥದೋ ಗಸಿ ಬಂತು, ಏನ್ ಮಾಡ್ಲಿ?” ಎಂದರು.

“ಅವನ ಚೊಕ್ಕ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ, ಇನ್ನೊಂದ್ ಸಲ ಅದ್ದು ಅನ್ನಿ” ಎಂದೆ.