ಸರೋವರದ ದಂಡೆಯ ಆಟದ ಮನೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಮೂಲೆಯಲ್ಲಿ ನ್ಯೂ ಹ್ಯಾಂಪ್‌ಷೈರ್ ಎಂಬ ಸಣ್ಣ ಸಂಸ್ಥಾನವೊಂದಿರುವುದು. ಬೆಟ್ಟ, ಕಾಡು, ಸರೋವರ, ಈ ಮೂರೇ ಆ ಸೀಮೆಯ ಐಶ್ವರ್ಯ. ಅಲ್ಲಿಯ ಸರೋವರಗಳಲ್ಲೆಲ್ಲಾ ದೊಡ್ಡದಾದುದು ವಿನ್ನಿಪಸಾಕಿ. ಅದರ ಗರ್ಭದಲ್ಲಿ ೨೫೦ಕ್ಕೂ ಹೆಚ್ಚು ದ್ವೀಪಗಳಿರುವುವು. ಸರೋವರದ ಪಶ್ಚಿಮ ತೀರದಲ್ಲಿ, ಲಕೋನಿಯಾ ಪಟ್ಟಣಕ್ಕೆ ಸೇರಿದಂತೆ, ವೀರ್ಸ್ ಬೀಚ್ ಎಂಬ ವಿಹಾರಸ್ಥಾನವುಂಟು. ‘ವೀರ್’ ಎಂದರೆ ಮೀನು ಹಿಡಿಯುವುದಕ್ಕಾಗಿ ಹರಿವ ನೀರಿಗೆ ಅಡ್ಡಲಾಗಿ ಹಾಕುವ ಕಟ್ಟೆ. ಸರೋವರದ ನೀರು ಹೊರಬೀಳುವ ಆ ಎಡೆಯಲ್ಲಿ ಮೂಲನಿವಾಸಿಗಳು ಪೂರ್ವಕಾಲದಿಂದಲೂ ಇಂಥ ಕಟ್ಟೆಗಳನ್ನು ಕಟ್ಟುತ್ತಿದ್ದುದರಿಂದ ಊರಿಗೆ ಈ ಹೆಸರು ಬಂದಿತು. ನೀರಿನಂಚಿನಲ್ಲಿ ಎಂಡಿಕಾಟ್ ಬಂಡೆ ಎಂಬುದೊಂದು ಕಲ್ಲನ್ನು ಕಾಪಾಡಿಟ್ಟಿರುವರು. ೧೬೫೨ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಎಲ್ಲೆಯನ್ನು ಗೊತ್ತುಮಾಡಲು ಬಂದವರು ಅದರ ಮೇಲೆ ಅಕ್ಷರಗಳನ್ನು ಕೆತ್ತಿಸಿದರು. ಊರೂರಿಗೆ ಶಿಲಾಶಾಸನಗಳಿರುವ ನಾಡಿನಿಂದ ಹೋದ ನಮಗೆ ಆ ಬಂಡೆ ಬಹಳ ದಿನದ ಪರಿಚಯದಂತೆ ತೋರಿತು.

ಆದರೆ ನಾವು ಹೋದುದು ಬಂಡೆಗಾಗಿಯೂ ಅಲ್ಲ, ಸರೋವರಕ್ಕಾಗಿಯೂ ಅಲ್ಲ. ೨೦೧೯ನೆಯ ಇಸವಿ ಶ್ರಾವಣಮಾಸ. ಉಪಾಧ್ಯಾಯವೃತ್ತಿಯಿಂದ ಬಿಡುಗಡೆ ಹೊಂದಿ, ಬಾಸ್ಟನ್ ನಗರದ ಬಳಿಯಿರುವ ಮಗಳ ಮನೆಯಲ್ಲಿ ಒಂದು ತಿಂಗಳಿನಿಂದ ಇದ್ದೆವು. ಮೊಮ್ಮಗನಿಗೆ ಒಂಬತ್ತು ವರ್ಷ. ಅವನು ಬಲ್ಲ ಕನ್ನಡವು ‘ಬೇಕು, ಬೇಡ, ಸಾಕು’ ಎಂಬಲ್ಲಿಗೆ ಮುಗಿಯುತ್ತಿದ್ದಿತು. ಅವನಾಡುವ ಇಂಗ್ಲಿಷಿನ ವೇಗಕ್ಕೆ ನಮ್ಮ ಕಿವಿ ಸಾಲದು. ನಲವತ್ತು ವರ್ಷಗಳ ಮಾತಿಗೆ ನಾವು ಮಕ್ಕಳಿಗೆ ಶಬ್ದ ಧಾತುಗಳನ್ನು ಹೇಳಿಕೊಟ್ಟವರು. ಮನೆಯ ಮಗುವಿನೊಡನೆ ಆಡಲು ಮಾತಿಲ್ಲದೆ ಒಂದೇ ಜಗಲಿಯಲ್ಲಿ ಇಬ್ಬರೂ ಸುಮ್ಮನೆ ಕುಳಿತಿರುತ್ತಿದ್ದೆವು. ಇದನ್ನು ಕಂಡ ಮಗಳು, “ಅಣ್ಣ, ಭಾನುವಾರ ನೀವೂ ನಮ್ಮೊಡನೆ ಫನ್‌ಸ್ಪಾಟಿಗೆ ಬನ್ನಿ. ಅಲ್ಲಿ ಅವನಿಗೂ ನಿಮಗೂ ಮಾತು ಬೇಕಾಗುವುದಿಲ್ಲ” ಎಂದಳು. ಬಾಸ್ಟನ್ನಿನಿಂದ ಉತ್ತರಕ್ಕೆ ಸುಮಾರು ೧೦೦ ಮೈಲಿ, ಮೋಟಾರಿನಲ್ಲಿ ಎರಡು ಗಂಟೆಯ ದಾರಿ. ಇಕ್ಕೆಲಗಳಲ್ಲಿಯೂ ಪೈನ್ ಮರಗಳ ಹಸುರು; ಅವುಗಳ ನಡುವೆ ಸುಣ್ಣ ಬಳಿದಂತಿರುವ ಭೂರ್ಜವೃಕ್ಷಗಳು. ಓಲೆಯ ಕಟ್ಟುಗಳನ್ನು ಬಿಚ್ಚಿ ಅಭ್ಯಾಸವಿದ್ದ ನಮಗೆ, ಹಿಮವಂತದ ಕಡೆಯವರು ಗ್ರಂಥ ಬರೆಯುತ್ತಿದ್ದ ಭೂರ್ಜದ ಬಳಗವನ್ನು ಅಲ್ಲಿ ಕಂಡು ಸಂತೋಷವಾಯಿತು.

ಫನ್‌ಸ್ಪಾಟ್ ಎಂಬುದು ಆಟದ ಯಂತ್ರಗಳ ಮನೆ. ಬಾಬ್ ಲಾಟನ್ ಎಂಬ ತರುಣನು ತನ್ನ ಅಜ್ಜಿಯಿಂದ ೭೫೦ ಡಾಲರುಗಳನ್ನು ಸಾಲವಾಗಿ ಪಡೆದು ೧೯೫೨ರಲ್ಲಿ ಇದನ್ನು ಪ್ರಾರಂಭಿಸಿದನು. ೧೯೬೪ರಲ್ಲಿ ಅದು ಈಗಿನ ಸ್ಥಳಕ್ಕೆ ಬಂದು ನೆಲಸಿತು. ಹೊರಗಿನಿಂದ ನೋಡಿದರೆ ದೊಡ್ಡ ದಾಸ್ತಾನು ಮಳಿಗೆಯಂತೆ ಕಾಣುವುದೇ ಹೊರತು ಕಣ್ಣಿಗೆ ಹಬ್ಬವಾಗುವಂಥ ಕಟ್ಟಡವೇನಲ್ಲ. ಒಳಹೊಕ್ಕು ಮೆಟ್ಟಿಲೇರಿದರೆ ಹಳೆಯ ಯಂತ್ರಗಳಿಗಾಗಿ ೧೯೯೮ರಲ್ಲಿ ಏರ್ಪಡಿಸಿದ ವಸ್ತುಸಂಗ್ರಹಾಲಯವು ಸಿಕ್ಕುವುದು. ನಮ್ಮ ಕಡೆಯ ವಸ್ತುಸಂಗ್ರಹಾಲಯಗಳಲ್ಲಿ ‘ಮುಟ್ಟಬಾರದು’ ಎಂದು ಹಲಗೆ ತೂಗುಹಾಕಿರುವರಷ್ಟೆ. ಇಲ್ಲಿಯದು ತದ್ವಿರುದ್ಧ. ಬಂದವರು ಪ್ರತಿಯೊಂದು ವಸ್ತುವನ್ನೂ ಮುಟ್ಟಿ, ಬಿಲ್ಲೆ ಹಾಕಿ, ಆಡಿಯೇ ನೋಡಬೇಕು. ಆಡುವವರಿಲ್ಲದ ಆಟವು ಬರಿಯ ಮರದ ಪೆಟ್ಟಿಗೆಯೆಂಬುದನ್ನು ಅಲ್ಲಿಯವರು ಚೆನ್ನಾಗಿ ಬಲ್ಲರು. ಮಂದವಾದ ಬೆಳಕಿನಲ್ಲಿ ಆಳೆತ್ತರದ ಪೆಟ್ಟಿಗೆಗಳು ಸಾಲುಗಟ್ಟಿ ನಿಂತಿದ್ದುವು. ಒಂದೊಂದರಿಂದಲೂ ಒಂದೊಂದು ಬಗೆಯ ಚಿಲಿಪಿಲಿ.

ಮೊಮ್ಮಗನು ನಮ್ಮ ಕೈ ಹಿಡಿದು ನೇರವಾಗಿ ಕೊಂಡೊಯ್ದುದು ‘ಡಾಂಕಿ ಕಾಂಗ್’ ಎಂಬ ಯಂತ್ರದ ಬಳಿಗೆ. ಇದು ಜಪಾನಿನ ಕ್ಯೋಟೋ ನಗರದ ನಿಂಟೆಂಡೋ ಸಂಸ್ಥೆಯದು. ೧೮೮೯ರಲ್ಲಿ ಹೂವಿನ ಚಿತ್ರದ ಇಸ್ಪೀಟೆಲೆಗಳನ್ನು ತಯಾರಿಸುತ್ತ ಹುಟ್ಟಿದ ಸಂಸ್ಥೆ ಅದು. ಅವರು ‘ರಾಡಾರ್ ಸ್ಕೋಪ್’ ಎಂಬ ಆಟದ ಯಂತ್ರಗಳನ್ನು ಅಮೆರಿಕಾಕ್ಕೆ ಸಾವಿರಗಟ್ಟಲೆ ಕಳುಹಿಸಲು, ಬಹುಪಾಲು ಮಾರಾಟವಾಗದೆ ಉಳಿದುವು. ಆ ಪೆಟ್ಟಿಗೆಗಳಿಗೇ ಹೊಸ ಆಟವೊಂದನ್ನು ತುಂಬಿ ನಷ್ಟವನ್ನು ತಪ್ಪಿಸುವ ಭಾರವು ಷಿಗೆರು ಮಿಯಾಮೊಟೋ ಎಂಬ ಚಿತ್ರಕಾರನ ಮೇಲೆ ಬಿದ್ದಿತು. ೧೯೫೨ರಲ್ಲಿ ಹುಟ್ಟಿದ ಆತನು ಆವರೆಗೆ ಸ್ವತಂತ್ರವಾಗಿ ಒಂದು ಆಟವನ್ನೂ ರಚಿಸಿದವನಲ್ಲ. ೧೯೮೧ರಲ್ಲಿ ಆಟವು ಹೊರಬಂದಿತು, ಪೆಟ್ಟಿಗೆಗಳು ಮಾರಾಟವಾದುವು, ಸಂಸ್ಥೆಯೂ ಉಳಿಯಿತು.

ಆಟದ ಕಥೆಯನ್ನು ಮೂರು ಮಾತಿನಲ್ಲಿ ಹೇಳಬಹುದು. ಹಠಮಾರಿ ಕಪಿಯೊಂದು ಹೆಣ್ಣುಮಗಳೊಬ್ಬಳನ್ನು ಹೊತ್ತುಕೊಂಡು ಕಟ್ಟುತ್ತಿರುವ ಕಟ್ಟಡದ ತುದಿಯನ್ನೇರಿದೆ. ಬಡಗಿಯೊಬ್ಬನು ಅವಳನ್ನು ಬಿಡಿಸಲು ಕೆಳಗಿನಿಂದ ಹತ್ತಬೇಕು. ಮೇಲಿನಿಂದ ಕಪಿಯು ಪೀಪಾಯಿಗಳನ್ನು ಉರುಳಿಸುತ್ತಲೇ ಇರುವುದು. ಬಡಗಿಯ ಆಕೃತಿ ಬಲು ಮುದ್ದು. ಹೆಬ್ಬೆರಳ ಉಗುರಿನಷ್ಟು ಪ್ರಮಾಣದ ಬೊಂಬೆ. ಕೆಂಪು ಟೊಪ್ಪಿಗೆ, ದಪ್ಪ ಮೀಸೆ. ಆ ಪರದೆಯ ಒರಟು ಚುಕ್ಕಿಗಳಲ್ಲಿ ಕೂದಲನ್ನೂ ಬಾಯನ್ನೂ ಬಿಡಿಸುವುದು ಕಷ್ಟವಾದುದರಿಂದ ಟೊಪ್ಪಿಗೆಯನ್ನೂ ಮೀಸೆಯನ್ನೂ ಇಟ್ಟೆನೆಂದು ಚಿತ್ರಕಾರನೇ ಹೇಳಿರುವನು. ಮೊದಲು ‘ಜಂಪ್‌ಮ್ಯಾನ್’ ಎನಿಸಿಕೊಂಡಿದ್ದ ಈ ಬಡಗಿಯೇ ಮುಂದೆ ಮಾರಿಯೋ ಎಂಬ ಹೆಸರಿನಿಂದ ಲೋಕಪ್ರಸಿದ್ಧನಾದನು. ಆ ಹೆಸರಾದರೋ ಅಮೆರಿಕಾದಲ್ಲಿ ಸಂಸ್ಥೆಯ ಮಳಿಗೆಯಿದ್ದ ಕಟ್ಟಡದ ಯಜಮಾನನದು.

ರೂಪವು ಎಷ್ಟು ಸೌಮ್ಯವೋ ನಿಯಮಗಳು ಅಷ್ಟು ನಿಷ್ಠುರ. ಆಡುವವನ ಕೈಗೆ ಇರುವುದು ಒಂದು ಹಿಡಿ, ಒಂದು ಗುಂಡಿ. ಹಿಡಿಯಿಂದ ನಡೆಯುವುದು, ಹತ್ತುವುದು, ಗುಂಡಿಯಿಂದ ಹಾರುವುದು. ಒಮ್ಮೆ ಹಾರಿದ ಮೇಲೆ ನಡುವೆ ದಿಕ್ಕು ಬದಲಾಯಿಸುವಂತಿಲ್ಲ. ತನ್ನ ಎತ್ತರಕ್ಕಿಂತ ಹೆಚ್ಚು ಆಳಕ್ಕೆ ಬಿದ್ದರೆ ಬಡಗಿಯು ಸತ್ತನೆಂದೇ ಲೆಕ್ಕ. ಏಣಿಗಳಲ್ಲಿ ಕೆಲವು ಮುರಿದಿರುವುವು. ಅವುಗಳಿಂದ ಅವನು ಮೇಲೇರಲಾರನು, ಪೀಪಾಯಿಗಳು ಮಾತ್ರ ಧಾರಾಳವಾಗಿ ಇಳಿದುಬರುವುವು. ಏಣಿಯ ಬಾಯಿಗೆ ಬಂದ ಪೀಪಾಯಿಯು ಕೆಳಗಿಳಿಯುವುದೋ, ತೊಲೆಯ ಮೇಲೆ ಮುಂದಕ್ಕೆ ಉರುಳುವುದೋ, ಹೊಸಬನಿಗೆ ಊಹಿಸಲಸದಳ. ಅಲ್ಲಲ್ಲಿ ಸುತ್ತಿಗೆಯೊಂದು ತೂಗಾಡುತ್ತಿರುವುದು. ಅದನ್ನು ಹಿಡಿದವನು ಸ್ವಲ್ಪ ಹೊತ್ತು ಎದುರಿಗೆ ಬಂದುದನ್ನೆಲ್ಲಾ ಪುಡಿಮಾಡಬಲ್ಲನು. ಆದರೆ ಸುತ್ತಿಗೆ ಕೈಯಲ್ಲಿರುವ ತನಕ ಏಣಿ ಹತ್ತಲಾರನು, ಹಾರಲೂ ಆರನು. ಆಯುಧವು ಕೈಗೆ ಬಂದೊಡನೆ ಏಳಿಗೆ ನಿಲ್ಲುವುದೆಂಬ ಈ ಒಂದು ನಿಯಮದಲ್ಲಿ ಎಷ್ಟು ನೀತಿಯಿದೆಯೆಂಬುದನ್ನು ವಾಚಕರೇ ಯೋಚಿಸಬಹುದು.

ಮೊದಲ ಸಲ ನಮ್ಮ ಬಡಗಿಯು ಎರಡನೆಯ ತೊಲೆಯನ್ನು ಕಾಣುವುದರೊಳಗೆ ಕೆಳಗುರುಳಿದನು. ಒಂದು ಬಿಲ್ಲೆಗೆ ಮೂರು ಪ್ರಾಣ. ಮೂರೂ ಎರಡು ನಿಮಿಷದಲ್ಲಿ ತೀರಿದುವು. ಪಕ್ಕದಲ್ಲಿ ಮುಕ್ಕಾಲಿಯ ಮೇಲೆ ನಿಂತಿದ್ದ ಮೊಮ್ಮಗನು ನಕ್ಕು, ನಮ್ಮ ಬೆರಳ ಮೇಲೆ ತನ್ನ ಬೆರಳನ್ನಿಟ್ಟು, ಪೀಪಾಯಿಯು ತೀರ ಸಮೀಪಕ್ಕೆ ಬಂದಾಗ ಒಮ್ಮೆ ಒತ್ತಿದನು. ಬಡಗಿಯು ನೆಗೆದನು, ಪೀಪಾಯಿಯು ಕಾಲ ಕೆಳಗೆ ಹಾದುಹೋಯಿತು, ನೂರು ಅಂಕ ಬಂದುವು. “ಇದಕ್ಕೆ ಏನನ್ನುವುದು ತಾತ?” ಎಂದು ಇಂಗ್ಲಿಷಿನಲ್ಲಿ ಕೇಳಿದನು. “ಹಾರು” ಎಂದೆವು. ಅಲ್ಲಿಂದ ಪಾಠವು ಎರಡು ಕಡೆಯಿಂದಲೂ ನಡೆಯಿತು. ಏಣಿ, ಪೀಪಾಯಿ, ತೊಲೆ, ಸುತ್ತಿಗೆ, ಬೆಂಕಿ. ಹತ್ತು, ಇಳಿ, ಹಾರು, ನಿಲ್ಲು. ಬಾಲಬೋಧೆಯ ಯಾವ ಪಾಠವನ್ನೂ ಅಷ್ಟು ಬೇಗ ಕಲಿತ ಶಿಷ್ಯನನ್ನು ನಾವು ಕಂಡವರಲ್ಲ. ಏಕೆಂದರೆ ಇಲ್ಲಿ ಒಂದು ಕ್ರಿಯಾಪದ ತಡವಾದರೆ ಒಂದು ಪ್ರಾಣ ಹೋಗುವುದು. ನಮ್ಮ ಸರದಿಯಲ್ಲಿ ಅವನು ಹೆಚ್ಚಾಗಿ ಕೂಗುತ್ತಿದ್ದುದು “ನಿಲ್ಲು ತಾತ, ನಿಲ್ಲು!” ಎಂದೇ. ಏಕವಚನವೆಂದು ಅವನ ಅಜ್ಜಿ ಹುಬ್ಬುಗಂಟಿಕ್ಕಿದರೂ ನಮಗೆ ಅದು ಗೌರವವಾಚಕಕ್ಕಿಂತಲೂ ಇಂಪಾಗಿತ್ತು. ಅವನ ಉಪದೇಶವೂ ಸರಿಯಾಗಿಯೇ ಇದ್ದಿತು. ಈ ಆಟದಲ್ಲಿ ಓಡಿ ಸತ್ತವರೇ ಬಹಳ. ಏಣಿಯ ನೆರಳಿನಲ್ಲಿ ಅರೆಗಳಿಗೆ ನಿಂತು, ಪೀಪಾಯಿ ಹೋದ ಮೇಲೆ ಹತ್ತಿದವನು ಮುಂದೆ ಹೋಗುವನು.

ನಮ್ಮ ಮನೆಗಳಲ್ಲಿ ಏಕಾದಶಿಯ ಜಾಗರಣೆಗೆ ಪರಮಪದ ಸೋಪಾನಪಟವನ್ನು ಹಾಸಿ ಆಡುವ ವಾಡಿಕೆಯನ್ನು ವಾಚಕರೆಲ್ಲರೂ ಬಲ್ಲರು. ಅಲ್ಲಿಯೂ ಏಣಿಯಿಂದ ಏರಿಕೆ, ಹಾವಿನ ಬಾಯಿಂದ ಇಳಿತ. ಆದರೆ ಅಲ್ಲಿ ದಾಳವು ಬಿದ್ದಂತೆ ಗತಿ. ಇಲ್ಲಿ ಅಭ್ಯಾಸವಿದ್ದಂತೆ ಗತಿ. ಇದಕ್ಕಿಂತ ದೊಡ್ಡದಾದ ಇನ್ನೊಂದು ಭೇದವೂ ಉಂಟು. ನಮ್ಮ ಪಟಕ್ಕೆ ಪರಮಪದವೆಂಬ ಕೊನೆಯ ಮನೆಯಿದೆ. ಈ ಆಟಕ್ಕೆ ಅದಿಲ್ಲ. ೨೫, ೫೦, ೭೫, ೧೦೦ ಮೀಟರುಗಳೆಂದು ನಾಲ್ಕು ದೃಶ್ಯಗಳು. ಕೊನೆಯದರಲ್ಲಿ ಎಂಟು ರಿವೆಟ್ಟುಗಳನ್ನು ಕಿತ್ತರೆ ತೊಲೆಗಳು ಕುಸಿದು ಕಪಿಯು ತಲೆಕೆಳಗಾಗಿ ಬೀಳುವುದು. ಬಡಗಿಯೂ ಹೆಣ್ಣುಮಗಳೂ ಕೂಡುವರು. ಮರುಕ್ಷಣವೇ ಕಪಿಯು ಅವಳನ್ನು ಮತ್ತೆ ಹೊತ್ತುಕೊಂಡು ಏರುವುದು. ಎರಡನೆಯ ಘಟ್ಟ, ಮೂರನೆಯ ಘಟ್ಟ, ಹೀಗೆ ಮುಂದೆ ಮುಂದೆ.

ಹಾಗಾದರೆ ಇದು ಎಲ್ಲಿಯ ತನಕ? ಇಪ್ಪತ್ತೆರಡನೆಯ ಘಟ್ಟದ ತನಕ. ಇದರ ಕಾರಣವು ಗಣಿತದ ಪಾಠದಂತೆ ಸ್ವಾರಸ್ಯವಾಗಿದೆ. ಪ್ರತಿಯೊಂದು ದೃಶ್ಯಕ್ಕೂ ಕಾಲದ ಅವಧಿಯುಂಟು. ಘಟ್ಟದ ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ನಲವತ್ತನ್ನು ಕೂಡಿಸಿ, ಬಂದುದರ ನೂರರಷ್ಟನ್ನು ಯಂತ್ರವು ಅವಧಿಯಾಗಿ ಕೊಡುವುದು. ಮೊದಲ ಘಟ್ಟದಲ್ಲಿ ೫೦೦೦, ನಾಲ್ಕನೆಯದರಲ್ಲಿ ೮೦೦೦, ಅಲ್ಲಿಂದ ಮುಂದೆ ೮೦೦೦ಕ್ಕೆ ಮೀರಗೊಡದು. ಆದರೆ ಆ ಯಂತ್ರವು ಒಂದು ಮನೆಯಲ್ಲಿ ೨೫೫ಕ್ಕಿಂತ ದೊಡ್ಡ ಸಂಖ್ಯೆಯನ್ನು ಇಡಲಾರದು. ನಮ್ಮ ಸಂವತ್ಸರಗಳು ಅರವತ್ತು ತುಂಬಿದೊಡನೆ ಅಕ್ಷಯದಿಂದ ಮತ್ತೆ ಪ್ರಭವಕ್ಕೆ ಬರುವಂತೆ, ಅದರ ಎಣಿಕೆ ೨೫೫ ಆದ ಮೇಲೆ ಮತ್ತೆ ಸೊನ್ನೆಗೆ ಬರುವುದು. ಇಪ್ಪತ್ತೆರಡನೆಯ ಘಟ್ಟದಲ್ಲಿ ಲೆಕ್ಕವು ೨೬೦ ಆಗಿ, ಉಳಿಯುವುದು ನಾಲ್ಕೇ. ಸಿಕ್ಕುವ ಅವಧಿ ೪೦೦. ಬಡಗಿಯು ಕೆಲವು ಹೆಜ್ಜೆ ಇಡುವುದರೊಳಗೆ ಕಾಲವು ಮುಗಿದು, ಯಾವ ಪೀಪಾಯಿಯೂ ತಾಗದೆ, ತಾನಾಗಿ ಬೀಳುವನು.

ಈ ಸಂಗತಿಯನ್ನು ಅಳಿಯನು ವಿವರಿಸಿದಾಗ ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ವರ್ಷವು ವಿಕಾರಿ ಸಂವತ್ಸರ. ನಾವು ಹುಟ್ಟಿದುದೂ ೧೯೫೯ರ ವಿಕಾರಿಯಲ್ಲಿ. ಎಣಿಕೆಯೊಂದು ಸುತ್ತಿ ಬಂದು ನಿಂತ ಹೊತ್ತಿನಲ್ಲಿ, ಮುಂದಿನ ಅವಧಿ ಎಷ್ಟೆಂದು ಯಾರೂ ಹೇಳಲಾರದ ವಯಸ್ಸಿನಲ್ಲಿ, ಈ ಲೆಕ್ಕವು ಮನಸ್ಸಿಗೆ ತಾಗದೆ ಇರಲಿಲ್ಲ.

ಆದರೂ ಆ ಘಟ್ಟವನ್ನು ಮುಟ್ಟಲು ವರ್ಷಗಟ್ಟಲೆ ಸಾಧನೆ ಮಾಡುವವರಿರುವರು. ಅವರಲ್ಲೊಬ್ಬನು ಸ್ಟೀವ್ ವೀಬಿ. ಅಮೆರಿಕಾದ ಪಶ್ಚಿಮ ಕರಾವಳಿಯ ವಾಷಿಂಗ್ಟನ್ ಸಂಸ್ಥಾನದವನು, ಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯನು. ಮನೆಯಲ್ಲಿ ತಾನು ಗಳಿಸಿದ ಅಂಕಗಳನ್ನು ಇತರರು ಸಂದೇಹಿಸಲು, ಆತನು ೨೦೦೫ರಲ್ಲಿ ದೇಶದ ಒಂದು ತುದಿಯಿಂದ ಮತ್ತೊಂದು ತುದಿಗೆ ಬಂದು, ಇದೇ ಫನ್‌ಸ್ಪಾಟಿನಲ್ಲಿ ಎಲ್ಲರ ಕಣ್ಣೆದುರಿಗೆ ಆಡಿ, ೯,೮೫,೬೦೦ ಅಂಕಗಳನ್ನು ಗಳಿಸಿ, ಇಪ್ಪತ್ತೆರಡನೆಯ ಘಟ್ಟವನ್ನೂ ತೋರಿಸಿದನು. ೨೦೦೭ರಲ್ಲಿ ಹೊರಬಂದ ‘ದಿ ಕಿಂಗ್ ಆಫ್ ಕಾಂಗ್’ ಎಂಬ ಚಲಚ್ಚಿತ್ರದಲ್ಲಿ ಇದನ್ನು ಕಾಣಬಹುದು. ಕೊನೆಯಲ್ಲಿ ಬಡಗಿಯು ಬೀಳಲೇಬೇಕೆಂಬುದನ್ನು ತಿಳಿದೂ ತಿಳಿದೂ, ಅಲ್ಲಿಯ ತನಕ ಒಂದು ಹೆಜ್ಜೆಯನ್ನೂ ಉದಾಸೀನದಿಂದ ಇಡದಿರುವ ಮನುಷ್ಯನನ್ನು ನಾವು ಕೇವಲ ಆಟಗಾರನೆನ್ನಲಾರೆವು. ನಮ್ಮ ವೃತ್ತಿಯವನೊಬ್ಬನು ಹಾಗೆ ನಿಂತು ಆಡಿದನೆಂಬುದು ನಮಗೊಂದು ಅಭಿಮಾನ.

ಆ ದಿನ ನಾವು ಹನ್ನೊಂದು ಬಿಲ್ಲೆಗಳನ್ನು ವೆಚ್ಚಮಾಡಿ, ಕೊನೆಯದರಲ್ಲಿ ಮೊದಲ ದೃಶ್ಯವನ್ನು ಒಂದು ಸಲ ದಾಟಿದೆವು. ಮೊಮ್ಮಗನು ಕುಣಿದಾಡಿ ಪಕ್ಕದ ಯಂತ್ರದವರಿಗೆಲ್ಲ ತನ್ನ ತಾತನನ್ನು ತೋರಿಸಿದನು. ಮಕ್ಕಳನ್ನು ನೋಡಲೆಂದು ಆ ದೇಶಕ್ಕೆ ಹೋಗುವ ನಮ್ಮ ಕಡೆಯ ಹಿರಿಯರು ಬೇಸಗೆಯಲ್ಲಿ ಅತ್ತ ಹೋದರೆ ಒಂದು ಹಗಲನ್ನು ಅಲ್ಲಿ ಕಳೆಯಬಹುದು. ಭಾನುವಾರದಲ್ಲಿ ಜನಸಂದಣಿ ಹೆಚ್ಚು. ಕಾಲಿಗೆ ಮೆತ್ತಗಿನ ಪಾದರಕ್ಷೆಯಿರಲಿ, ನಿಂತೇ ಆಡಬೇಕಾಗುವುದು. ಬಿಲ್ಲೆಗಳನ್ನು ಮಗುವಿನ ಕೈಯಲ್ಲಿ ಕೊಟ್ಟು, ತಾವು ಅದರ ಶಿಷ್ಯರಾಗುವುದು ಉತ್ತಮ.

೨೦೨೨ರ ಡಿಸೆಂಬರಿನಲ್ಲಿ ಮಗಳು ಅಳಿಯ ಮೊಮ್ಮಗನು ಮೈಸೂರಿಗೆ ಬಂದಿದ್ದರು. ಒಂದು ಸಂಜೆ ಹಳೆಯ ಪರಮಪದದ ಪಟವನ್ನು ನಡುಮನೆಯಲ್ಲಿ ಹಾಸಿದೆವು. ಹನ್ನೆರಡು ವರ್ಷದ ಹುಡುಗನು ಏಣಿಗಳನ್ನೂ ಹಾವುಗಳನ್ನೂ ಬಹಳ ಹೊತ್ತು ಪರೀಕ್ಷಿಸಿ ನೋಡಿ, ಅಚ್ಚ ಕನ್ನಡದಲ್ಲಿ, “ಇದರಲ್ಲಿ ಸುತ್ತಿಗೆ ಎಲ್ಲಿ ತಾತ?” ಎಂದು ಕೇಳಿದನು.