ಕೊರಳಿಗೊಂದು ಕಾವಲು

ನನ್ನ ಕೈಯಲ್ಲಿ ಒಂಬತ್ತನೆಯ ತರಗತಿಯ ವಿಜ್ಞಾನ ಕಲಿತವರಿಗೆ ಜಡತ್ವದ ನಿಯಮ ಮರೆತಿರಲಾರದು. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಬಸ್ಸು ಗಕ್ಕನೆ ನಿಂತರೆ ನಮ್ಮ ಹಣೆ ಮುಂದಿನ ಸೀಟಿನ ಕಂಬಿಗೆ ಏಕೆ ಬಡಿಯುತ್ತದೆ ಎಂದು ಪ್ರತಿವರ್ಷವೂ ಕೇಳುತ್ತಿದ್ದೆ. ಬಸ್ಸು ನಿಂತಿದೆ, ಆದರೆ ದೇಹಕ್ಕೆ ಆ ಸುದ್ದಿ ಇನ್ನೂ ತಲುಪಿಲ್ಲ ಎಂದು ಯಾರೋ ಹಿಂದಿನ ಬೆಂಚಿನಿಂದ ಹೇಳಿದರೆ ತರಗತಿಯೆಲ್ಲ ನಗುತ್ತಿತ್ತು. ಆ ಉತ್ತರ ಸರಿಯಾದದ್ದೇ. ಅದೇ ನಿಯಮ ಒಬ್ಬ ಹುಡುಗನ ಕೊರಳಿನ ಪ್ರಶ್ನೆಯಾಗಿ ಈಚೆಗೆ ನಮ್ಮ ಮನೆಗೆ ಬಂದಿತು.

ನರಗುಂದದಲ್ಲಿರುವ ನನ್ನ ತಂಗಿಯ ಮೊಮ್ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ಕಾರ್ ರ‍್ಯಾಲಿಯ ಹುಚ್ಚು. ನಮ್ಮ ರಾಜ್ಯಕ್ಕೆ ಈ ಕ್ರೀಡೆ ಹೊಸದಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ದೇಶದಲ್ಲೆಲ್ಲ ಹೆಸರಾದದ್ದು. 2017ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್‌ನ ಒಂದು ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯಿತು. ಇಂಥ ಓಟದಲ್ಲಿ ಚಾಲಕನ ಪಕ್ಕದಲ್ಲಿ ಕುಳಿತು ಮುಂದಿನ ತಿರುವುಗಳನ್ನು ಪುಸ್ತಕ ನೋಡಿ ಓದಿ ಹೇಳುವವನು ಸಹಚಾಲಕ. ನಮ್ಮ ಹುಡುಗ ಮಾಡುವುದು ಆ ಕೆಲಸ.

ದೀಪಾವಳಿಗೆ ಬಂದಾಗ ಅವನು ಹೊಸ ಹೆಲ್ಮೆಟ್ಟನ್ನೂ, ಹೆಗಲ ಮೇಲೆ ಕೂಡುವ ಒಂದು ಗಟ್ಟಿ ಕೊರಳಪಟ್ಟಿಯನ್ನೂ ತಂದಿದ್ದ. ಅದಕ್ಕೆ ‘ಹ್ಯಾನ್ಸ್’ ಎನ್ನುತ್ತಾರೆ. ಅವನ ತಾಯಿಗೆ, ಅಂದರೆ ನನ್ನ ಸೋದರ ಸೊಸೆಗೆ, ಅದನ್ನು ನೋಡಿ ಭಯ ಹೆಚ್ಚಾಯಿತು. “ತಲಿಗೆ ಹೆಲ್ಮೆಟ್ ಐತಿ, ಮೈಗೆ ಬೆಲ್ಟ್ ಐತಿ. ಮತ್ತ ಇದ್ಯಾಕ ಬೇಕು ಮಾಮಾ? ಅಷ್ಟ ಅಪಾಯ ಇದ್ರ ಹೋಗೂದ ಯಾಕ?” ಎಂದಳು.

ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೊದಲನೆಯದಕ್ಕೆ ಕಾಗದ, ಪೆನ್ನು ತೆಗೆದುಕೊಂಡೆ. ಮನುಷ್ಯನ ತಲೆ ಸುಮಾರು 5 ಕಿಲೋ, ಹೆಲ್ಮೆಟ್ ಒಂದೂವರೆ ಕಿಲೋ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತುಹೋಯಿತೆಂದು ಇಟ್ಟುಕೊಳ್ಳೋಣ. ಬೆಲ್ಟು ಎದೆಯನ್ನು ಹಿಡಿಯುತ್ತದೆ. ತಲೆಯನ್ನು ಹಿಡಿಯುವವರು ಯಾರು? ಕೊರಳೊಂದೇ. ಆ ಕ್ಷಣದಲ್ಲಿ ಅದರ ಮೇಲೆ ಬೀಳುವ ಎಳೆತ ಸುಮಾರು 110 ಕಿಲೋ ಭಾರದಷ್ಟು, ಅಂದರೆ ಒಂದು ಕ್ವಿಂಟಲ್ ಜೋಳದ ಚೀಲಕ್ಕಿಂತಲೂ ಹೆಚ್ಚು. ರ‍್ಯಾಲಿ ಕಾರಿನ ವೇಗ 60ಕ್ಕೆ ನಿಲ್ಲುವುದಿಲ್ಲ. ಹೆಲ್ಮೆಟ್ ಬುರುಡೆಯನ್ನು ಪೆಟ್ಟಿನಿಂದ ಕಾಯುತ್ತದೆ, ಆದರೆ ಕೊರಳಿನ ಹೊರೆಯನ್ನು ಹೆಚ್ಚಿಸುತ್ತದೆ. ಎಳೆತ ಮಿತಿಮೀರಿದರೆ ತಲೆಬುರುಡೆ ತಳದಲ್ಲಿ ಬಿರಿಯುತ್ತದೆ. ಹೊರಗೆ ಗಾಯವೇ ಕಾಣದಿದ್ದರೂ ಜೀವ ಹೋಗಬಹುದು.

1981ರಲ್ಲಿ ಅಮೆರಿಕದ ಮಿಡ್-ಓಹಾಯೋ ಪಥದಲ್ಲಿ ಪ್ಯಾಟ್ರಿಕ್ ಜಾಕ್ಮಾರ್ ಎಂಬ ಚಾಲಕ ಹೀಗೆಯೇ ತೀರಿಕೊಂಡ. ಅವನ ಗೆಳೆಯ ಜಿಮ್ ಡೌನಿಂಗ್ ತನ್ನ ಭಾವ-ಮೈದುನ ರಾಬರ್ಟ್ ಹಬ್ಬರ್ಡ್ ಮುಂದೆ ಈ ಸಮಸ್ಯೆಯನ್ನಿಟ್ಟ. ಹಬ್ಬರ್ಡ್ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ದೇಹಬಲಶಾಸ್ತ್ರದ ಪ್ರಾಧ್ಯಾಪಕ. ಇಬ್ಬರೂ ಸೇರಿ ಈ ಸಾಧನ ರೂಪಿಸಿದರು. ಆದರೆ ಬಹುಕಾಲ ಇದನ್ನು ಕೊಳ್ಳುವವರೇ ವಿರಳ. ಅಡ್ಡಿಯೆಂದು ಚಾಲಕರು ದೂರ ಇಟ್ಟರು. 1994ರಲ್ಲಿ ಇಮೋಲಾದಲ್ಲಿ ರೋಲಂಡ್ ರಾಟ್ಜೆನ್‌ಬರ್ಗರ್, 2001ರಲ್ಲಿ ಡೇಟೋನಾದಲ್ಲಿ ಡೇಲ್ ಅರ್ನ್‌ಹಾರ್ಟ್ ಇದೇ ಬಗೆಯ ಮುರಿತದಿಂದ ಸತ್ತ ಮೇಲೆ ಕಣ್ಣು ತೆರೆಯಿತು. 2003ರಿಂದ ಫಾರ್ಮುಲಾ ಒನ್‌ನಲ್ಲಿ ಇದು ಕಡ್ಡಾಯವಾಯಿತು. ಪ್ರಾಧ್ಯಾಪಕನೊಬ್ಬನ ಲೆಕ್ಕವನ್ನು ಜಗತ್ತು ಒಪ್ಪಲು ಸುಮಾರು ಇಪ್ಪತ್ತು ವರ್ಷ ಹಿಡಿದವು.

ನಮ್ಮ ಹೊಲದ ಮಾತಿನಲ್ಲಿ ಹೇಳುವುದಾದರೆ ಇದು ಜತ್ತಿಗೆಯ ಕೆಲಸ. ಎತ್ತಿನ ಕೊರಳನ್ನು ನೊಗಕ್ಕೆ ಸೇರಿಸುವ ಆ ಪಟ್ಟಿ ಬಿಗಿಯಾದರೆ ಎತ್ತಿಗೆ ಉಸಿರುಕಟ್ಟುತ್ತದೆ, ಸಡಿಲಾದರೆ ನೊಗ ಜಾರುತ್ತದೆ. ಹ್ಯಾನ್ಸ್‌ನ ಕೊರಳಪಟ್ಟಿ ಹೆಗಲ ಮೇಲೆ ಕೂಡುತ್ತದೆ, ಅದರ ಮೇಲೆ ಸೀಟಿನ ಬೆಲ್ಟುಗಳು ಬರುತ್ತವೆ. ಹೆಲ್ಮೆಟ್ಟಿನ ಎರಡೂ ಬದಿಯ ಗುಂಡಿಗಳಿಗೆ ಅದರ ಪಟ್ಟಿಗಳು ಸಿಕ್ಕಿಕೊಳ್ಳುತ್ತವೆ. ಕಾರು ನಿಂತಾಗ ತಲೆಯ ಎಳೆತ ಕೊರಳಿಗೆ ಬೀಳದೆ ಪಟ್ಟಿಯ ಮೂಲಕ ಹೆಗಲಿನ ಬೆಲ್ಟಿಗೆ ಹೋಗುತ್ತದೆ.

ಹಾಗಾದರೆ ಆ ಗುಂಡಿಗಳನ್ನು ಕೂಡಿಸುವುದರಲ್ಲಿಯೇ ಎಲ್ಲವೂ ಇದೆ. ಹುಡುಗ ಮೊದಲು ತನ್ನ ಹಳೆಯ ಮೋಟಾರ್‌ಸೈಕಲ್ ಹೆಲ್ಮೆಟ್ಟನ್ನೇ ಬಳಸಬೇಕೆಂದಿದ್ದನಂತೆ. ಅಂಗಡಿಯವನೊಬ್ಬ, “ಎರಡ ತೂತ ಹಾಕಿ ಕೊಡ್ತೀನಿ, ನಡೀತೈತಿ” ಎಂದನಂತೆ. ಪುಣ್ಯಕ್ಕೆ ಅವನ ಚಾಲಕ ಗೆಳೆಯ ತಡೆದ. ಮನಬಂದಲ್ಲಿ ಕೊರೆದ ತೂತು ಹೆಲ್ಮೆಟ್ಟಿನ ಕವಚವನ್ನು ಬಲಗುಂದಿಸುತ್ತದೆ. ಬೇಕಾದ ಗಳಿಗೆಯಲ್ಲಿಯೇ ಸ್ಕ್ರೂ ಕಿತ್ತು ಬರಬಹುದು. ಓಟದ ಹೆಲ್ಮೆಟ್ಟಿಗೆ ತಯಾರಕರೇ ಮರೆ ಕೂಡಿಸಿ ಕೊಟ್ಟಿರುತ್ತಾರೆ. ಆರು ಮಿಲಿಮೀಟರಿನ ಸ್ಕ್ರೂ ಅಲ್ಲಿಯೇ ಕೂಡಬೇಕು, ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು.

ನಮ್ಮ ಪಡಸಾಲೆಯಲ್ಲಿ ಕೈಪಿಡಿಯನ್ನು ನಾನು ಓದಿದೆ, ಅವನು ಮಾಡಿದ. ಹುಬ್ಬಿನ ಮೇಲೆ ಟೇಪು ಸುತ್ತಿ ತಲೆಯ ಅಳತೆ ನೋಡಿದೆವು. ಹೆಲ್ಮೆಟ್ ಹಾಕಿ ಅಲುಗಿಸಿದಾಗ ಹಣೆಯ ಚರ್ಮವೂ ಜೊತೆಗೆ ಅಲುಗಿತು. ಅದೇ ಸರಿಯಾದ ಬಿಗಿ. ಗದ್ದದ ಪಟ್ಟಿ ಕಟ್ಟಿ ಹಿಂದಿನಿಂದ ಎತ್ತಿ ತಳ್ಳಿದರೂ ಕಳಚಲಿಲ್ಲ. ಮುಂದಿನ ಪರೀಕ್ಷೆ ಕಾರಿನ ಸೀಟಿನಲ್ಲಿಯೇ ಆಗಬೇಕಾದದ್ದು. ಬೆಂಗಳೂರಿಗೆ ಹೋದ ಮೇಲೆ ಅವನು ಫೋನಿನಲ್ಲಿ ವರದಿ ಒಪ್ಪಿಸಿದ: “ಅಜ್ಜಾರ, ಬೆಲ್ಟ್ ಪಟ್ಟಿ ಮ್ಯಾಲ ಸರಿ ಕುಂತೈತಿ. ಎಡಕ್ಕ ಬಲಕ್ಕ ತಲಿ ತಿರಗತೈತಿ. ಬಗ್ಗಿ ಪುಸ್ತಕ ಓದಾಕ ಬರತೈತಿ. ಪಟ್ಟಿ ಬಿಚ್ಚಿ ಹೊರಗ ಬರೂದನ್ನೂ ಹತ್ತ ಸಲ ಮಾಡೀನ್ರಿ.” ಆ ಕೊನೆಯ ವಾಕ್ಯ ನನಗೆ ಹೆಚ್ಚು ಸಮಾಧಾನ ತಂದಿತು. ಕಟ್ಟಿಕೊಳ್ಳಲು ಬಂದರೆ ಸಾಲದು, ಬಿಚ್ಚಿಕೊಳ್ಳಲೂ ಬರಬೇಕು.

ಅವನ ತಾಯಿಯ ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಮಕ್ಕಳು ತಮಗೆ ಬೇಕಾದ ದಾರಿ ಹಿಡಿಯುತ್ತಾರೆ. ಅಪಾಯವನ್ನು ಅಳೆದು ನೋಡಿ ಹೊರಡುವವನನ್ನು ಹುಂಬನೆನ್ನಲು ನನಗೆ ಮನಸ್ಸಾಗದು. ನನಗೆ ಹೆಚ್ಚಿನ ಚಿಂತೆ ಇರುವುದು ಅವನ ಬಗೆಗಲ್ಲ. ನಿಮ್ಮಲ್ಲಿ ಎಷ್ಟೋ ಜನ ಹೆಲ್ಮೆಟ್ಟನ್ನು ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟುಕೊಂಡು, ಪೊಲೀಸರು ಕಂಡಾಗ ಮಾತ್ರ ತಲೆಗೇರಿಸಿ, ಗದ್ದದ ಪಟ್ಟಿ ಜೋಲುಬಿಟ್ಟು ನನ್ನೆದುರೇ ಹೋಗಿದ್ದೀರಿ. ನಾನು ಹಾಜರಿ ಕರೆದಾಗ ‘ಎಸ್ ಸರ್’ ಎಂದವರಲ್ಲಿ ಮೂವರು ಇದೇ ರಸ್ತೆಗಳಲ್ಲಿ ಹೋದರು. ಅವರಲ್ಲೊಬ್ಬನ ಹೆಲ್ಮೆಟ್ಟು ಕೈಹಿಡಿಯಲ್ಲಿ ತೂಗುತ್ತಿತ್ತು, ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಜಡತ್ವದ ನಿಯಮಕ್ಕೆ ರ‍್ಯಾಲಿಯ ಹಾದಿ, ಸಂತೆಯ ಹಾದಿ ಎಂಬ ಭೇದವಿಲ್ಲ. ಹ್ಯಾನ್ಸ್ ನಿಮಗೆ ಬೇಕಿಲ್ಲ. ಗದ್ದದ ಪಟ್ಟಿಯನ್ನು ಟಕ್ಕೆಂದು ಸದ್ದು ಬರುವಂತೆ ಹಾಕಿರಿ. ನಿಮ್ಮ ಮಕ್ಕಳಿಗೂ ಹಾಕಿರಿ. ನಿವೃತ್ತನಾದ ಮೇಷ್ಟರು ಕೊಡುವ ಮನೆಗೆಲಸ ಇಷ್ಟೇ.